ಹೆಸರುಗಳ ಪಟ್ಟಿಯನ್ನು ತೂಗುವ ಬಗೆ: ಅಮೆರಿಕದ ಪ್ರೈಮರಿಯಲ್ಲಿ ಹಿಸ್ಪಾನಿಕ್ ಮುಖಂಡರ ಬೆಂಬಲ

ಅಧ್ಯಕ್ಷ ಚುನಾವಣೆಯ ವರ್ಷ ಹತ್ತಿರವಾಗುತ್ತಿದ್ದಂತೆ ಅಮೆರಿಕದ ಪ್ರಚಾರ ಕಚೇರಿಗಳಿಂದ ಒಂದೇ ಎರಕದಲ್ಲಿ ಹೊಯ್ದಂತಹ ಪ್ರಕಟಣೆಗಳು ಹೊರಬೀಳತೊಡಗುತ್ತವೆ. ಮೇಲೆ ಅಭ್ಯರ್ಥಿಯ ಹೆಸರು, ಅದರ ಕೆಳಗೆ ಇಷ್ಟು ಮಂದಿ ಹಿಸ್ಪಾನಿಕ್ ಮುಖಂಡರು ಬೆಂಬಲ ಘೋಷಿಸಿದ್ದಾರೆ ಎಂಬ ಸಾಲು, ಆಮೇಲೆ ಮೂವತ್ತೋ ಐವತ್ತೋ ಹೆಸರುಗಳು. ಒಬ್ಬ ಮೇಯರ್, ಇಬ್ಬರು ಸಂಸದರು, ಒಬ್ಬ ಮಾಜಿ ಸಚಿವ, ಕಾರ್ಮಿಕ ಸಂಘದ ಪದಾಧಿಕಾರಿ, ಶಾಲಾ ಮಂಡಳಿಯ ಸದಸ್ಯೆ, ಕೊನೆಗೆ ಊರಿನಲ್ಲಿ ಹೆಸರಾದ ಹೋಟೆಲ್ ಮಾಲೀಕ. ಅಂತಹ ಪ್ರಕಟಣೆಯನ್ನು ಓದಿದವರು, ಅದರಲ್ಲೂ ಅದನ್ನು ಕನ್ನಡಕ್ಕೆ ತಂದು ಸುದ್ದಿ ಮಾಡಬೇಕಾದವರು, ‘ಹಿಸ್ಪಾನಿಕ್ ಮತ ಇಂಥವರ ಪಾಲಿಗೆ’ ಎಂದು ತಲೆಬರಹ ಬರೆದುಬಿಡುವುದು ಸುಲಭ. ಆ ತಲೆಬರಹ ಎಷ್ಟೋ ಸಲ ತಪ್ಪಾಗಿದೆ. ಬೆಂಬಲ ಘೋಷಣೆಯೆಂದರೆ ಮತಗಳ ವರ್ಗಾವಣೆಯಲ್ಲ. ಹೆಚ್ಚೆಂದರೆ ಅದು ಒಂದು ಎರವಲು, ಒಬ್ಬರ ಹೆಸರು, ಕಾರ್ಯಕರ್ತರು ಮತ್ತು ಊರಿನಲ್ಲಿರುವ ನಂಬಿಕೆಯನ್ನು ಮತ್ತೊಬ್ಬರಿಗೆ ಕೆಲವು ವಾರಗಳ ಮಟ್ಟಿಗೆ ಕೊಡುವುದು. ಆ ಎರವಲು ಎಷ್ಟು ಬಾಳುತ್ತದೆ ಎಂದು ಅಳೆಯುವ ಕೆಲವು ವಿಧಾನಗಳನ್ನು ಇಲ್ಲಿ ವಿವರಿಸಿದ್ದೇನೆ.

ಇದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಗೆರೆ ಎಳೆದ ಒಂದು ನೋಟ್‌ಬುಕ್ ಸಾಕು. ಅದರಲ್ಲಿ ಐದು ಕಾಲಂಗಳಿರಲಿ: ಯಾರು, ಎಲ್ಲಿಯವರು, ಯಾವಾಗ ಘೋಷಿಸಿದರು, ಘೋಷಣೆಯ ನಂತರ ಏನು ಮಾಡಿದರು, ಫಲಿತಾಂಶ ಏನಾಯಿತು. ಕೊನೆಯ ಕಾಲಂ ಮತ ಎಣಿಕೆಯಾಗುವವರೆಗೆ ಖಾಲಿ ಇರಬೇಕು. ಅದನ್ನು ಮೊದಲೇ ಮನಸ್ಸಿನಲ್ಲಿ ತುಂಬಿಕೊಳ್ಳುವುದರಿಂದಲೇ ನಮ್ಮ ಓದು ಹಾದಿ ತಪ್ಪುವುದು.

ಪ್ರೈಮರಿಯೆಂದರೆ ಟಿಕೆಟ್ ಹಂಚಿಕೆಯೇ ಚುನಾವಣೆ

ಕರ್ನಾಟಕದಲ್ಲಿ ಟಿಕೆಟ್ ಕೊಡುವುದು ಪಕ್ಷದ ಹೈಕಮಾಂಡ್. ಮತದಾರನ ಸರದಿ ಬರುವುದು ಆಮೇಲೆ. ಅಮೆರಿಕದಲ್ಲಿ ಪಕ್ಷದ ಟಿಕೆಟ್ ಯಾರಿಗೆ ಸಿಗಬೇಕು ಎಂಬುದನ್ನೂ ಮತದಾರರೇ ರಾಜ್ಯ ರಾಜ್ಯಗಳಲ್ಲಿ ಬೇರೆ ಬೇರೆ ದಿನ ತೀರ್ಮಾನಿಸುತ್ತಾರೆ. ಮತಪತ್ರದ ಮೂಲಕ ತೀರ್ಮಾನಿಸಿದರೆ ಅದು ಪ್ರೈಮರಿ, ಸಭೆ ಸೇರಿ ತೀರ್ಮಾನಿಸಿದರೆ ಕಾಕಸ್. ಎರಡರಲ್ಲೂ ಗೆಲ್ಲಬೇಕಾದದ್ದು ಪಕ್ಷದ ಮಹಾ ಅಧಿವೇಶನಕ್ಕೆ ಹೋಗುವ ಡೆಲಿಗೇಟ್‌ಗಳನ್ನು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರೈಮರಿಯಲ್ಲಿ ಎದುರುಬದುರಾಗಿರುವವರೆಲ್ಲ ಒಂದೇ ಪಕ್ಷದವರು, ಅವರ ಕಾರ್ಯಕ್ರಮಗಳೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಪಕ್ಷದ ಗುರುತು ನೋಡಿ ಮತ ಹಾಕುವ ಸೌಕರ್ಯ ಮತದಾರನಿಗಿಲ್ಲ. ಇಬ್ಬರಲ್ಲಿ ಯಾರು ನಮ್ಮವರ ಕಷ್ಟ ಬಲ್ಲವರು ಎಂದು ಅವನು ಪರಿಚಿತರನ್ನು ಕೇಳುತ್ತಾನೆ, ಅಥವಾ ಪರಿಚಿತರಾಗಿ ಕಾಣುವ ಮುಖಂಡರತ್ತ ನೋಡುತ್ತಾನೆ. ಸಾರ್ವತ್ರಿಕ ಚುನಾವಣೆಯಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬಾರದ ಬೆಂಬಲ ಘೋಷಣೆಗೆ ಪ್ರೈಮರಿಯಲ್ಲಿ ಬೆಲೆ ಬರುವುದು ಈ ಕಾರಣಕ್ಕೆ. ಮಠಾಧೀಶರ ಹೇಳಿಕೆಗಳನ್ನೂ ಸಮುದಾಯ ಸಮಾವೇಶಗಳ ನಿರ್ಣಯಗಳನ್ನೂ ಓದಿ ಪಳಗಿದ ಕನ್ನಡದ ಓದುಗರಿಗೆ ಇಂತಹ ಲೆಕ್ಕಾಚಾರ ಹೊಸದಲ್ಲ. ಅಲ್ಲಿ ಇಟ್ಟುಕೊಳ್ಳುವ ಅನುಮಾನವನ್ನೇ ಇಲ್ಲಿಯೂ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಎರಡು ಕಾಲಂ: ಯಾರು, ಎಲ್ಲಿಯವರು

ಹಿಸ್ಪಾನಿಕ್ ಎಂಬುದು ಧರ್ಮವಲ್ಲ, ಒಂದೇ ನಾಡಿನ ಜನವಲ್ಲ, ಅಮೆರಿಕದ 2020ರ ಜನಗಣತಿಯ ಲೆಕ್ಕದಲ್ಲಿ ಅದು ಜನಾಂಗವೂ ಆಗಿರಲಿಲ್ಲ. ಸ್ಪ್ಯಾನಿಷ್ ಭಾಷೆಯ ಹಿನ್ನೆಲೆಯುಳ್ಳ ಅನೇಕ ಸಮುದಾಯಗಳಿಗೆ ಅಲ್ಲಿನ ಸರ್ಕಾರ ಎಣಿಕೆಯ ಅನುಕೂಲಕ್ಕೆಂದು ಹಚ್ಚಿದ ಹೆಸರು ಅದು. ಲ್ಯಾಟಿನೊ ಎಂಬ ಮಾತನ್ನು ಲ್ಯಾಟಿನ್ ಅಮೆರಿಕದ ಮೂಲದವರಿಗೆ ಬಳಸುತ್ತಾರೆ. ಸುದ್ದಿಯಲ್ಲಿ ಎರಡೂ ಒಂದೇ ಅರ್ಥದಲ್ಲಿ ಓಡಾಡುತ್ತವೆ. 2020ರ ಜನಗಣತಿಯಲ್ಲಿ ಇವರ ಸಂಖ್ಯೆ 6 ಕೋಟಿ 21 ಲಕ್ಷ, ಅಂದರೆ ಒಟ್ಟು ಜನಸಂಖ್ಯೆಯ ಶೇ 18.7. ಇವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೆಕ್ಸಿಕೊ ಮೂಲದವರು. ಕ್ಯಾಲಿಫೋರ್ನಿಯ, ಟೆಕ್ಸಸ್, ಅರಿಜೋನ ಮತ್ತು ನೆವಾಡ ರಾಜ್ಯಗಳಲ್ಲಿ ಅವರದೇ ಪ್ರಾಬಲ್ಯ. ಪೋರ್ಟೊ ರಿಕೊದವರು ಹುಟ್ಟಿನಿಂದಲೇ ಅಮೆರಿಕದ ಪೌರರು, ಆದ್ದರಿಂದ ವಲಸೆ ಕಾನೂನಿನ ಚರ್ಚೆ ಅವರನ್ನು ಮೆಕ್ಸಿಕೊ ಮೂಲದವರಂತೆ ತಟ್ಟುವುದಿಲ್ಲ. ಫ್ಲಾರಿಡದಲ್ಲಿ ನೆಲೆಸಿದ ಕ್ಯೂಬಾ ಮೂಲದವರಲ್ಲಿ ಬಹಳಷ್ಟು ಮಂದಿ ಕ್ಯಾಸ್ಟ್ರೊ ಆಡಳಿತದಿಂದ ತಪ್ಪಿಸಿಕೊಂಡು ಬಂದವರು ಅಥವಾ ಅಂಥವರ ಮಕ್ಕಳು. ಅವರ ಒಲವು ದಶಕಗಳಿಂದ ರಿಪಬ್ಲಿಕನ್ ಪಕ್ಷದ ಕಡೆಗೆ.

ಹೀಗಿರುವಾಗ ಮಯಾಮಿಯ ಕ್ಯೂಬನ್ ಮುಖಂಡರೊಬ್ಬರ ಮಾತಿಗೆ ಲಾಸ್ ಏಂಜಲೀಸಿನ ಮೆಕ್ಸಿಕನ್ ಕುಟುಂಬ ಕಿವಿಗೊಡುತ್ತದೆಂದು ಭಾವಿಸಲು ಕಾರಣವೇ ಇಲ್ಲ. ಕ್ಯಾಲಿಫೋರ್ನಿಯದ ಕನ್ನಡಿಗರನ್ನು ಪ್ರಚಾರ ಕಚೇರಿಗಳು ‘ದಕ್ಷಿಣ ಏಷ್ಯನ್ನರು’ ಎಂಬ ಒಂದೇ ಡಬ್ಬಿಗೆ ಹಾಕಿದಾಗ ಅವರಿಗಾಗುವ ಇರುಸುಮುರುಸನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಮನೆಯೊಳಗೂ ಎತ್ತು ಏರಿಗೆ, ಕೋಣ ನೀರಿಗೆ ಎಳೆಯಬಹುದು. 2008ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಕ್ಯಾಲಿಫೋರ್ನಿಯದ ಸಂಸದೆಯರಾದ ಸ್ಯಾಂಚೆಜ್ ಸಹೋದರಿಯರಲ್ಲಿ ಲೊರೆಟ್ಟಾ ಅವರು ಹಿಲರಿ ಕ್ಲಿಂಟನ್ ಪರ ನಿಂತರೆ, ಲಿಂಡಾ ಅವರು ಬರಾಕ್ ಒಬಾಮ ಪರ ನಿಂತರು. ಆದ್ದರಿಂದ ಎರಡನೆಯ ಕಾಲಂನಲ್ಲಿ ರಾಜ್ಯದ ಹೆಸರನ್ನಷ್ಟೇ ಬರೆದರೆ ಸಾಲದು. ಯಾವ ಮೂಲದವರು, ಯಾವ ನಗರ, ಸಾಧ್ಯವಾದರೆ ಯಾವ ಕ್ಷೇತ್ರ ಎಂಬುದನ್ನೂ ಬರೆಯಬೇಕು.

ಹುದ್ದೆಯನ್ನು ಬರೆಯುವಾಗ ಒಂದು ಎಚ್ಚರ ಅಗತ್ಯ. ಅಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ ರಾಜ್ಯವನ್ನಾಳುವವರು, ನಮ್ಮ ಮುಖ್ಯಮಂತ್ರಿಯ ತೂಕದವರು. ಮೇಯರ್ ಕೂಡ ದೊಡ್ಡ ನಗರಗಳಲ್ಲಿ ನಮ್ಮ ಮೇಯರ್‌ಗಳಂತೆ ವರ್ಷದ ಮಾಲೆ ಧರಿಸಿ ಕೂರುವವರಲ್ಲ. 2005ರಲ್ಲಿ ಲಾಸ್ ಏಂಜಲೀಸಿನ ಮೇಯರ್ ಆಗಿ ಗೆದ್ದ ಆಂಟೋನಿಯೊ ವಿಯಾರೈಗೋಸ, ಆ ನಗರಕ್ಕೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಸಿಕ್ಕ ಮೊದಲ ಲ್ಯಾಟಿನೊ ಮೇಯರ್. ಹುದ್ದೆಯ ಹಿಂದೆ ‘ಮಾಜಿ’ ಎಂಬ ಪದವಿದ್ದರೆ ಕೆಳಗೆ ಗೆರೆ ಎಳೆಯಿರಿ. ಮಾಜಿಗಳ ಹೆಸರು ದೊಡ್ಡದಿರಬಹುದು, ಆದರೆ ಸಂಜೆ ಆರಕ್ಕೆ ಮನೆ ಮನೆಯ ಬಾಗಿಲು ತಟ್ಟುವ ಇನ್ನೂರು ಮಂದಿಯನ್ನು ಕಳುಹಿಸುವ ಶಕ್ತಿ ಅವರಲ್ಲಿ ಉಳಿದಿದೆಯೇ ಎಂಬುದು ಬೇರೆ ಪ್ರಶ್ನೆ.

ಪಟ್ಟಿಯಲ್ಲಿ ಸಂಸ್ಥೆಯ ಹೆಸರು ಕಂಡರೆ ಬೆಂಬಲಿಸುತ್ತಿರುವುದು ಸಂಸ್ಥೆಯೋ, ಅದರ ಅಧ್ಯಕ್ಷರು ವೈಯಕ್ತಿಕವಾಗಿಯೋ ಎಂದು ನೋಡಬೇಕು. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಮತ್ತು ಧಾರ್ಮಿಕ ಸಂಸ್ಥೆಗಳು ಅಭ್ಯರ್ಥಿಗಳನ್ನು ಬೆಂಬಲಿಸಕೂಡದೆಂಬ ಕಟ್ಟಳೆ 1954ರಿಂದ ಅಮೆರಿಕದ ತೆರಿಗೆ ಕಾನೂನಿನಲ್ಲಿದೆ. ಹಾಗಾಗಿ ಪ್ರಕಟಣೆಗಳಲ್ಲಿ ವ್ಯಕ್ತಿಯ ಹೆಸರಿನ ಜೊತೆ ಸಂಸ್ಥೆಯ ಹೆಸರನ್ನು ‘ಪರಿಚಯಕ್ಕಾಗಿ ಮಾತ್ರ’ ಎಂಬ ಸಣ್ಣ ಅಕ್ಷರದ ಸೂಚನೆಯೊಂದಿಗೆ ಅಚ್ಚು ಹಾಕುವುದುಂಟು. ಆ ಸಣ್ಣ ಅಕ್ಷರವನ್ನು ಓದದೆ ಸಂಸ್ಥೆಯೇ ಬೆಂಬಲಿಸಿತು ಎಂದು ಬರೆದರೆ ಸುದ್ದಿಯೇ ಸುಳ್ಳಾಗುತ್ತದೆ. 1929ರಲ್ಲಿ ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ಹುಟ್ಟಿದ ಲುಲಾಕ್ ಎಂಬ ಹಿರಿಯ ಸಂಘಟನೆಯ ಹೆಸರಿನಲ್ಲಿ ಅಧ್ಯಕ್ಷ ಅಭ್ಯರ್ಥಿಯೊಬ್ಬರಿಗೆ ಮೊದಲ ಬಾರಿ ಬೆಂಬಲ ಘೋಷಣೆಯಾದದ್ದು 2024ರ ಆಗಸ್ಟ್‌ನಲ್ಲಿ, ಕಮಲಾ ಹ್ಯಾರಿಸ್ ಅವರಿಗೆ. ಅದೂ ಸಂಘಟನೆಯಿಂದ ನೇರವಾಗಿ ಅಲ್ಲ, ಅದರ ಪ್ರತ್ಯೇಕ ರಾಜಕೀಯ ಸಮಿತಿಯ ಮೂಲಕ. ಕಾರ್ಮಿಕ ಸಂಘಗಳಿಗೆ ಈ ತೊಡಕಿಲ್ಲ. ಪಟ್ಟಿಯಲ್ಲಿ ಅವುಗಳ ಹೆಸರನ್ನು ನಾನು ಮೊದಲು ಹುಡುಕುವುದಕ್ಕೆ ಇದೂ ಒಂದು ಕಾರಣ.

ಮೂರನೆಯ ಕಾಲಂ: ದಿನಾಂಕ

ಬೆಂಬಲ ಘೋಷಣೆಯ ದಿನಾಂಕವನ್ನು ಪ್ರೈಮರಿ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡುವುದು ಈ ಇಡೀ ಅಭ್ಯಾಸದ ಅತ್ಯಂತ ಫಲವತ್ತಾದ ಭಾಗ. 2008ರ ನ್ಯೂ ಮೆಕ್ಸಿಕೊ ಗವರ್ನರ್ ಬಿಲ್ ರಿಚರ್ಡ್‌ಸನ್ ಅವರ ಪ್ರಸಂಗವನ್ನು ವಿವರವಾಗಿ ನೋಡೋಣ. ತಾಯಿ ಮೆಕ್ಸಿಕೊದವರು, ಬಾಲ್ಯ ಕಳೆದದ್ದು ಮೆಕ್ಸಿಕೊ ನಗರದಲ್ಲಿ. ಆದರೆ ಹೆಸರು ಕೇಳಿದವರಿಗೆ ಅವರು ಹಿಸ್ಪಾನಿಕ್ ಎಂಬುದೇ ಹೊಳೆಯುತ್ತಿರಲಿಲ್ಲ. ಬಿಲ್ ಕ್ಲಿಂಟನ್ ಸರ್ಕಾರದಲ್ಲಿ ವಿಶ್ವಸಂಸ್ಥೆಯ ರಾಯಭಾರಿಯಾಗಿಯೂ ಇಂಧನ ಸಚಿವರಾಗಿಯೂ ಇದ್ದವರು. ತಾವೇ ಅಭ್ಯರ್ಥಿಯಾಗಿ ನಿಂತು 2008ರ ಜನವರಿಯಲ್ಲಿ ಹಿಂದೆ ಸರಿದರು. ಆಮೇಲೆ ಹಿಲರಿ ಮತ್ತು ಒಬಾಮ ಅವರ ಎರಡೂ ಪಾಳೆಯಗಳು ರಿಚರ್ಡ್‌ಸನ್ ಬೆನ್ನು ಬಿದ್ದವು. ಫೆಬ್ರುವರಿ 5ರಂದು ಅವರದೇ ರಾಜ್ಯದಲ್ಲಿ ಕಾಕಸ್ ನಡೆದು, ಎಣಿಕೆ ಒಂದು ವಾರಕ್ಕೂ ಹೆಚ್ಚು ಕಾಲ ಎಳೆದಾಡಿ, ಹಿಲರಿ ಎರಡು ಸಾವಿರಕ್ಕೂ ಕಡಿಮೆ ಮತಗಳಿಂದ ಗೆದ್ದರು. ಅಷ್ಟು ಕೂದಲೆಳೆಯ ಸ್ಪರ್ಧೆಯಲ್ಲಿ ಗವರ್ನರ್ ಅವರ ಒಂದು ಮಾತು ಫಲಿತಾಂಶವನ್ನೇ ತಿರುಗಿಸಬಹುದಿತ್ತು. ರಿಚರ್ಡ್‌ಸನ್ ಅಂದು ಬಾಯಿ ಬಿಡಲಿಲ್ಲ.

ಅವರು ಒಬಾಮ ಅವರಿಗೆ ಬೆಂಬಲ ಘೋಷಿಸಿದ್ದು ಮಾರ್ಚ್ 21ರಂದು, ಆರೆಗನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ. ಅಷ್ಟರೊಳಗೆ ನೆವಾಡ ಮುಗಿದಿತ್ತು, ಕ್ಯಾಲಿಫೋರ್ನಿಯ ಮುಗಿದಿತ್ತು, ಅರಿಜೋನ, ನ್ಯೂ ಮೆಕ್ಸಿಕೊ, ಟೆಕ್ಸಸ್ ಎಲ್ಲವೂ ಮುಗಿದಿದ್ದವು. ಹಿಸ್ಪಾನಿಕ್ ಮತಗಳ ಲೆಕ್ಕದಲ್ಲಿ ನೋಡಿದರೆ ಅದು ಊಟ ಮುಗಿದ ಮೇಲೆ ಬಡಿಸಿದ ಉಪ್ಪಿನಕಾಯಿ. ಉಳಿದಿದ್ದ ಒಂದೇ ದೊಡ್ಡ ಹಿಸ್ಪಾನಿಕ್ ನೆಲೆ ಪೋರ್ಟೊ ರಿಕೊ. ಜೂನ್ 1ರಂದು ಅಲ್ಲಿ ಹಿಲರಿ ಮೂರನೇ ಎರಡರಷ್ಟು ಮತ ಪಡೆದು ಗೆದ್ದರು. ಹಾಗಾದರೆ ರಿಚರ್ಡ್‌ಸನ್ ಅವರ ಘೋಷಣೆ ವ್ಯರ್ಥವೇ? ಇಲ್ಲ, ಅದರ ಗುರಿಯೇ ಬೇರೆಯಾಗಿತ್ತು. ಹುದ್ದೆಯ ಬಲದಿಂದ ಅಧಿವೇಶನದಲ್ಲಿ ಸ್ವತಂತ್ರವಾಗಿ ಮತ ಹಾಕುವ ಸೂಪರ್ ಡೆಲಿಗೇಟ್‌ಗಳಲ್ಲಿ ಅವರೂ ಒಬ್ಬರು. ಕ್ಲಿಂಟನ್ ಮನೆಯಲ್ಲಿ ಉಂಡವರೇ ಪಾಳೆಯ ಬದಲಿಸಿದರೆ ತಾವೂ ಬದಲಿಸಬಹುದೆಂಬ ಧೈರ್ಯ ಉಳಿದ ಸೂಪರ್ ಡೆಲಿಗೇಟ್‌ಗಳಿಗೆ ಬರುತ್ತದೆ. ಕ್ಲಿಂಟನ್ ದಂಪತಿಯ ಆಪ್ತ ಜೇಮ್ಸ್ ಕಾರ್ವಿಲ್ ಅವರು ಸಿಟ್ಟಿನಿಂದ ರಿಚರ್ಡ್‌ಸನ್ ಅವರನ್ನು ಯೇಸುವನ್ನು ಹಿಡಿದುಕೊಟ್ಟ ಜೂಡಾಸನಿಗೆ ಹೋಲಿಸಿದರು, ಆ ದಿನ ಗುಡ್ ಫ್ರೈಡೆ ಬೇರೆ. ಅಷ್ಟು ನೋವಾದದ್ದು ಮತಗಳು ಹೋದವೆಂದಲ್ಲ. ಆದ್ದರಿಂದ ಹಿಸ್ಪಾನಿಕ್ ಮುಖಂಡರೊಬ್ಬರು ಬೆಂಬಲ ಘೋಷಿಸಿದ ಕೂಡಲೇ ಅದರ ಗುರಿ ಹಿಸ್ಪಾನಿಕ್ ಮತದಾರರೇ ಎಂದು ಊಹಿಸಬಾರದು. ಮಾತು ಯಾರ ಕಿವಿಗೆ ಬೀಳಲೆಂದು ಆಡಲಾಗಿದೆ ಎಂಬುದನ್ನು ದಿನಾಂಕವೇ ಹೇಳುತ್ತದೆ. ಸೂಪರ್ ಡೆಲಿಗೇಟ್‌ಗಳ ಈ ಬಲ ಈಗ ಕುಗ್ಗಿದೆ ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. 2018ರಲ್ಲಿ ಡೆಮಾಕ್ರಟಿಕ್ ಪಕ್ಷ ನಿಯಮ ಬದಲಿಸಿದ್ದರಿಂದ, ತೀವ್ರ ಪೈಪೋಟಿಯಿರುವ ಅಧಿವೇಶನದಲ್ಲಿ ಅವರು ಮೊದಲ ಸುತ್ತಿನ ಮತ ಹಾಕುವಂತಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ವಿಯಾರೈಗೋಸ ಅವರ ದಿನಾಂಕ. ಅವರು ಹಿಲರಿಯವರನ್ನು ಬೆಂಬಲಿಸಿದ್ದು 2007ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯದ ಮತದಾನಕ್ಕೆ ಎಂಟು ತಿಂಗಳು ಮೊದಲು. ಆ ಎಂಟು ತಿಂಗಳಲ್ಲಿ ಅವರು ಪ್ರಚಾರದ ರಾಷ್ಟ್ರೀಯ ಸಹ ಅಧ್ಯಕ್ಷರಾಗಿ ಸಭೆ ಮಾಡಬಹುದಿತ್ತು, ಹಣ ಕೂಡಿಸಬಹುದಿತ್ತು, ಇತರ ನಗರಗಳ ಮೇಯರ್‌ಗಳನ್ನು ಎಳೆದು ತರಬಹುದಿತ್ತು. ಫೆಬ್ರುವರಿ 5ರ ಮತಗಟ್ಟೆ ಸಮೀಕ್ಷೆಯಂತೆ ಕ್ಯಾಲಿಫೋರ್ನಿಯದ ಲ್ಯಾಟಿನೊ ಮತದಾರರಲ್ಲಿ ಹಿಲರಿಗೆ ಶೇ 67, ಒಬಾಮ ಅವರಿಗೆ ಶೇ 32 ಬಂದಿತ್ತು. ಇದರ ಶ್ರೇಯಸ್ಸನ್ನೆಲ್ಲ ಮೇಯರ್ ಅವರಿಗೆ ಕೊಡಲಾಗದು, ಏಕೆಂದರೆ ಕ್ಲಿಂಟನ್ ಎಂಬ ಹೆಸರು ಆ ಮನೆಗಳಲ್ಲಿ 1990ರ ದಶಕದಿಂದಲೇ ಪರಿಚಿತ. ಸ್ಪ್ಯಾನಿಷ್ ದಿನಪತ್ರಿಕೆ ‘ಲಾ ಒಪಿನಿಯೋನ್’ ಅದೇ ಲಾಸ್ ಏಂಜಲೀಸಿನಲ್ಲಿ ಒಬಾಮ ಅವರನ್ನು ಬೆಂಬಲಿಸಿ ಸಂಪಾದಕೀಯ ಬರೆದಿತ್ತು. ಓದುಗರು ಓದಿದರು, ಮತ ಮಾತ್ರ ತಮಗೆ ತೋಚಿದವರಿಗೆ ಹಾಕಿದರು.

ನಾಲ್ಕನೆಯ ಕಾಲಂ: ಆಮೇಲೆ ಏನು ಮಾಡಿದರು

ಫೋಟೊ ತೆಗೆಸಿಕೊಂಡ ಮರುದಿನ ಆ ಮುಖಂಡರು ಎಲ್ಲಿದ್ದರು ಎಂಬುದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಹುಡುಕಿ ಬರೆಯಬೇಕಾದ ಕಾಲಂ ಇದು. ಈ ಕಾಲಂ ತುಂಬಿರುವುದು ಹೇಗಿರುತ್ತದೆ ಎಂದು ತಿಳಿಯಲು 1968ಕ್ಕೆ ಹೋಗಬೇಕು. ಕ್ಯಾಲಿಫೋರ್ನಿಯದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೂಲಿಗಳ ಮುಷ್ಕರ ನಡೆಸುತ್ತಿದ್ದ ಸೀಸರ್ ಚಾವೆಜ್ 25 ದಿನ ಉಪವಾಸ ಮಾಡಿ, ಮಾರ್ಚ್ 10ರಂದು ಉಪವಾಸ ಮುರಿದಾಗ ಪಕ್ಕದಲ್ಲಿ ಕುಳಿತಿದ್ದವರು ಸೆನೆಟರ್ ರಾಬರ್ಟ್ ಕೆನಡಿ. ಆರು ದಿನಗಳ ನಂತರ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ ಘೋಷಿಸಿದರು. ಅಲ್ಲಿಂದ ಕ್ಯಾಲಿಫೋರ್ನಿಯದ ಪ್ರೈಮರಿ ನಡೆದ ಜೂನ್ 4ರವರೆಗೆ ಚಾವೆಜ್ ಮತ್ತು ಡೊಲೊರೆಸ್ ವೆರ್ಟಾ ಅವರ ಸಂಘದ ಕಾರ್ಯಕರ್ತರು ಪೂರ್ವ ಲಾಸ್ ಏಂಜಲೀಸಿನ ಓಣಿಗಳಲ್ಲಿ ಮನೆ ಮನೆ ತಿರುಗಿದರು. ಮತದಾನದ ದಿನ ಆ ಬಡಾವಣೆಗಳ ಮತಗಟ್ಟೆಗಳು ಕೆನಡಿಯವರಿಗೆ ಭಾರೀ ಬಹುಮತ ಕೊಟ್ಟವು. ಆ ರಾತ್ರಿ ಅಂಬಾಸಡರ್ ಹೋಟೆಲಿನ ವೇದಿಕೆಯಲ್ಲಿ ಕೆನಡಿ ಅವರಿಬ್ಬರ ಹೆಸರು ಹೇಳಿ ವಂದಿಸಿದರು. ವೆರ್ಟಾ ಅದೇ ವೇದಿಕೆಯಲ್ಲಿದ್ದರು. ಕೆಲವೇ ನಿಮಿಷಗಳಲ್ಲಿ ಕೆನಡಿಯವರಿಗೆ ಗುಂಡೇಟು ಬಿತ್ತು. ಇಲ್ಲಿ ಬೆಂಬಲ ಫಲ ಕೊಟ್ಟದ್ದಕ್ಕೆ ಕಾರಣ ಚಾವೆಜ್ ಅವರ ಹೆಸರಿನಷ್ಟೇ ಆ ಹೆಸರಿನ ಹಿಂದಿದ್ದ ಕಾಲುಗಳೂ ಹೌದು.

ಕಾಲುಗಳಿದ್ದೂ ಫಲ ಸಿಗದ ಉದಾಹರಣೆ 2008ರ ನೆವಾಡ. ಲಾಸ್ ವೇಗಸ್‌ನ ಹೋಟೆಲ್ ಮತ್ತು ಕ್ಯಾಸಿನೊಗಳಲ್ಲಿ ಅಡುಗೆ ಮಾಡುವ, ಕೋಣೆ ಗುಡಿಸುವ, ಬಡಿಸುವ ಸುಮಾರು 60 ಸಾವಿರ ಜನರ ಸಂಘ ಕಲಿನರಿ ಯೂನಿಯನ್, ಲೋಕಲ್ 226. ಸದಸ್ಯರಲ್ಲಿ ಲ್ಯಾಟಿನೊಗಳದೇ ದೊಡ್ಡ ಪಾಲು. ಜನವರಿ 9ರಂದು, ಅಂದರೆ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯ ಮರುದಿನ, ಸಂಘ ಒಬಾಮ ಅವರನ್ನು ಬೆಂಬಲಿಸಿತು. ಕೆಲಸದ ಪಾಳಿ ಬಿಟ್ಟು ಬರಲಾಗದವರಿಗೆಂದು ಕ್ಯಾಸಿನೊಗಳ ಒಳಗೇ ಒಂಬತ್ತು ಕಾಕಸ್ ಸ್ಥಳಗಳೂ ಇದ್ದವು. ಅವನ್ನು ನಿಲ್ಲಿಸಬೇಕೆಂದು ಕ್ಲಿಂಟನ್ ಕಡೆಗೆ ಒಲವಿದ್ದವರು ನ್ಯಾಯಾಲಯಕ್ಕೂ ಹೋಗಿ ಸೋತಿದ್ದರು. ಎಲ್ಲರೂ ಆಟ ಮುಗಿಯಿತು ಎಂದುಕೊಂಡರು. ಜನವರಿ 19ರಂದು ಆ ಒಂಬತ್ತು ಸ್ಥಳಗಳಲ್ಲಿ ಹೆಚ್ಚಿನವನ್ನು ಗೆದ್ದದ್ದು ಹಿಲರಿ. ಕಾಕಸ್‌ಗೆ ಬಂದ ಲ್ಯಾಟಿನೊಗಳಲ್ಲಿ ಅವರಿಗೆ ಶೇ 64, ಒಬಾಮ ಅವರಿಗೆ ಶೇ 26.

ನನ್ನ ಲೆಕ್ಕದಲ್ಲಿ ಇದಕ್ಕೆ ಎರಡು ಕಾರಣಗಳು. ಮೊದಲನೆಯದು ಸಮಯ: ಘೋಷಣೆಗೂ ಮತಕ್ಕೂ ನಡುವೆ ಹತ್ತೇ ದಿನ. ಸಂಘದ ನಾಯಕತ್ವ ತೀರ್ಮಾನಿಸುವಷ್ಟರಲ್ಲಿ ಸದಸ್ಯರು ತಮ್ಮ ಮನೆಯಲ್ಲಿ ತೀರ್ಮಾನಿಸಿಯಾಗಿತ್ತು. ಘೋಷಣೆಯ ಮಾರನೆಯ ದಿನವೇ ಹಿಲರಿ ಲಾಸ್ ವೇಗಸ್‌ನ ಲ್ಯಾಟಿನೊ ಬಡಾವಣೆಯೊಂದರಲ್ಲಿ ಸ್ವತಃ ಬಾಗಿಲು ತಟ್ಟುತ್ತ ತಿರುಗಿದರು. ಎರಡನೆಯದು ನಂಬಿಕೆಯ ವ್ಯಾಪ್ತಿ: ಸಂಬಳ ಮತ್ತು ಆರೋಗ್ಯ ವಿಮೆಯ ವಿಷಯದಲ್ಲಿ ಸದಸ್ಯೆ ಸಂಘವನ್ನು ಕಣ್ಣುಮುಚ್ಚಿ ನಂಬುತ್ತಾಳೆ, ಆದರೆ ಅಧ್ಯಕ್ಷರು ಯಾರಾಗಬೇಕೆಂಬುದು ಅವಳಿಗೆ ಸಂಘದ ವಿಷಯವಾಗಿ ಕಾಣಲೇಬೇಕೆಂದಿಲ್ಲ. ಹನ್ನೆರಡು ವರ್ಷಗಳ ನಂತರ ಇದೇ ಪಾಠ ಮರುಕಳಿಸಿತು. 2020ರಲ್ಲಿ ಸಂಘ ಯಾರನ್ನೂ ಬೆಂಬಲಿಸಲಿಲ್ಲ, ಆದರೆ ಅಭ್ಯರ್ಥಿ ಬರ್ನಿ ಸ್ಯಾಂಡರ್ಸ್ ಅವರ ಆರೋಗ್ಯ ಯೋಜನೆ ಬಂದರೆ ಸಂಘದ ವಿಮೆ ಹೋಗುತ್ತದೆಂದು ಕರಪತ್ರ ಹಂಚಿತು. ಆದರೂ ಫೆಬ್ರುವರಿ 22ರ ಕಾಕಸ್‌ನಲ್ಲಿ ಕ್ಯಾಸಿನೊ ಸ್ಥಳಗಳ ಪೈಕಿ ಹೆಚ್ಚಿನವು ಸ್ಯಾಂಡರ್ಸ್ ಪಾಲಾದವು. ಲ್ಯಾಟಿನೊಗಳಲ್ಲಿ ಅರ್ಧದಷ್ಟು ಮಂದಿ ಅವರ ಕಡೆ ನಿಂತರು. ಅವರ ಪ್ರಚಾರದವರು ತಿಂಗಳುಗಟ್ಟಲೆ ಮೊದಲೇ ಲ್ಯಾಟಿನೊ ಬಡಾವಣೆಗಳಲ್ಲಿ ಕಚೇರಿ ತೆರೆದು ಕುಳಿತಿದ್ದರು. ಯುವಕರು ಅವರನ್ನು ‘ಟಿಯೊ ಬರ್ನಿ’, ಅಂದರೆ ಬರ್ನಿ ಮಾವ, ಎಂದೇ ಕರೆಯುತ್ತಿದ್ದರು.

ಇಂತಹ ನೆಂಟಸ್ತಿಕೆಯ ಹೆಸರನ್ನು ಜನರೇ ಇಟ್ಟರೆ ಚೆನ್ನ, ಪ್ರಚಾರ ಕಚೇರಿ ಇಟ್ಟುಕೊಂಡರೆ ಅಭಾಸ. 2015ರ ಡಿಸೆಂಬರ್‌ನಲ್ಲಿ ಕ್ಲಿಂಟನ್ ಪ್ರಚಾರ ಕಚೇರಿಯು ಹಿಲರಿ ನಿಮ್ಮ ‘ಅಬುವೇಲ’ದಂತೆಯೇ, ಅಂದರೆ ಅಜ್ಜಿಯಂತೆಯೇ, ಎಂದು ಏಳು ಕಾರಣಗಳನ್ನು ಪಟ್ಟಿ ಮಾಡಿತು, ಗಡಿ ದಾಟಿ ಬಂದ ಅಜ್ಜಿಯರ ಮೊಮ್ಮಕ್ಕಳು ‘ಅವರು ನನ್ನ ಅಬುವೇಲ ಅಲ್ಲ’ ಎಂದು ಸಾಮಾಜಿಕ ಜಾಲತಾಣಗಳಲ್ಲಿ ತಿರುಗಿಬಿದ್ದರು. ಅದಕ್ಕೂ ಮೊದಲು, 2007ರ ಮಾರ್ಚ್‌ನಲ್ಲಿ, ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ ಮಯಾಮಿಯ ಕ್ಯೂಬನ್ನರ ಮುಂದೆ ‘ಪಾತ್ರಿಯ ಓ ಮುಎರ್ತೆ, ವೆನ್ಸೆರೆಮೊಸ್’, ಅಂದರೆ ತಾಯ್ನಾಡು ಇಲ್ಲವೇ ಸಾವು, ನಾವು ಗೆಲ್ಲುತ್ತೇವೆ, ಎಂಬ ಘೋಷವಾಕ್ಯ ಸ್ವತಂತ್ರ ಕ್ಯೂಬಾಕ್ಕೆ ಸೇರಿದ್ದು ಎಂದು ಹೇಳಿ ಮುಜುಗರಕ್ಕೀಡಾದರು. ಅದು ಫಿಡೆಲ್ ಕ್ಯಾಸ್ಟ್ರೊ ತಮ್ಮ ಭಾಷಣಗಳನ್ನು ಮುಗಿಸುತ್ತಿದ್ದ ಮಾತು. ಭಾಷಣದ ಕರಡನ್ನು ಒಬ್ಬ ಸ್ಥಳೀಯ ಬೆಂಬಲಿಗರಿಗೆ ಓದಲು ಕೊಟ್ಟಿದ್ದರೆ ಈ ಎಡವಟ್ಟು ತಪ್ಪುತ್ತಿತ್ತು. ಬೆಂಬಲಿಗ ಮುಖಂಡರ ಉಪಯೋಗ ಮತ ತರುವುದರಲ್ಲಷ್ಟೇ ಇಲ್ಲ, ಯಾವ ಮಾತು ಆಡಬಾರದೆಂದು ಹೇಳುವುದರಲ್ಲೂ ಇದೆ. ಅವರನ್ನು ವೇದಿಕೆಯ ಮೇಲೆ ನಿಲ್ಲಿಸಿದ್ದಾರೋ, ಪ್ರಚಾರದ ಒಳಕೋಣೆಯಲ್ಲಿ ಕೂರಿಸಿದ್ದಾರೋ ಎಂಬುದನ್ನೂ ಈ ಕಾಲಂನಲ್ಲೇ ಬರೆಯಬೇಕು.

ಡೆಲಿಗೇಟ್ ಲೆಕ್ಕ

ಬೆಂಬಲದಿಂದ ಮತ ಬಂದರೂ ಆ ಮತ ಡೆಲಿಗೇಟ್‌ಗಳಾಗಿ ಮಾರ್ಪಡುತ್ತದೆಯೇ ಎಂದು ನೋಡದೆ ತೂಕ ಪೂರ್ಣವಾಗುವುದಿಲ್ಲ. ಡೆಮಾಕ್ರಟಿಕ್ ಪಕ್ಷ ಡೆಲಿಗೇಟ್‌ಗಳನ್ನು ಮತಪ್ರಮಾಣಕ್ಕೆ ಅನುಗುಣವಾಗಿ ಹಂಚುತ್ತದೆ. ಹೆಚ್ಚಿನ ಪಾಲು ಹಂಚಿಕೆಯಾಗುವುದು ಕ್ಷೇತ್ರಗಳ ಮಟ್ಟದಲ್ಲಿ. ಒಂದು ಕ್ಷೇತ್ರಕ್ಕೆ 4 ಡೆಲಿಗೇಟ್‌ಗಳಿವೆ, ಕಣದಲ್ಲಿ ಇಬ್ಬರೇ ಇದ್ದಾರೆ ಎಂದುಕೊಳ್ಳಿ. ಒಬ್ಬರು ಶೇ 60, ಇನ್ನೊಬ್ಬರು ಶೇ 40 ಮತ ಪಡೆದರೆ ಲೆಕ್ಕ 2.4 ಮತ್ತು 1.6 ಆಗಿ, ಸುತ್ತುಗೂಡಿಸಿದಾಗ ಇಬ್ಬರಿಗೂ ಎರಡೆರಡು. ಮೂರನೆಯ ಡೆಲಿಗೇಟ್ ಸಿಗಬೇಕಾದರೆ ಶೇ 62.5 ದಾಟಬೇಕು. ಅಂದರೆ ಊರಿನ ಮುಖಂಡರೆಲ್ಲ ಒಂದಾಗಿ ದುಡಿದು ಇಪ್ಪತ್ತು ಅಂಶಗಳ ಗೆಲುವು ತಂದುಕೊಟ್ಟರೂ ಕೈಗೆ ಬಂದದ್ದು ಸಮಪಾಲು. ಅದೇ 3 ಡೆಲಿಗೇಟ್‌ಗಳ ಕ್ಷೇತ್ರದಲ್ಲಿ ಶೇ 51 ಬಂದರೂ ಎರಡು ಸಿಗುತ್ತವೆ.

2008ರ ಮಾರ್ಚ್ 4ರ ಟೆಕ್ಸಸ್‌ನಲ್ಲಿ ಇನ್ನೂ ಒಂದು ತಿರುವಿತ್ತು. ಯಾವ ಕ್ಷೇತ್ರಕ್ಕೆ ಎಷ್ಟು ಡೆಲಿಗೇಟ್ ಎಂಬುದು ಹಿಂದಿನ ಚುನಾವಣೆಗಳಲ್ಲಿ ಅಲ್ಲಿ ಪಕ್ಷಕ್ಕೆ ಬಿದ್ದ ಮತಗಳನ್ನು ಅವಲಂಬಿಸಿತ್ತು. ದಕ್ಷಿಣ ಟೆಕ್ಸಸ್‌ನ ಹಿಸ್ಪಾನಿಕ್ ಕ್ಷೇತ್ರಗಳಲ್ಲಿ ಮತದಾನ ಕಡಿಮೆಯಿದ್ದದ್ದರಿಂದ ಅವುಗಳ ಪಾಲೂ ಕಡಿಮೆಯಾಯಿತು. ಒಬಾಮ ಬಲವಾಗಿದ್ದ ಆಸ್ಟಿನ್ ಮತ್ತು ಹ್ಯೂಸ್ಟನ್‌ನ ಕೆಲವು ಕ್ಷೇತ್ರಗಳಿಗೆ ಹೆಚ್ಚು ಸಿಕ್ಕಿತು. ಲ್ಯಾಟಿನೊಗಳಲ್ಲಿ ಮೂರನೇ ಎರಡರಷ್ಟು ಮಂದಿ ಹಿಲರಿಗೆ ಮತ ಹಾಕಿದರು, ಪ್ರೈಮರಿಯನ್ನು ಅವರು ಗೆದ್ದರು, ಅದರಿಂದ ಬಂದ ಡೆಲಿಗೇಟ್‌ಗಳು ಹಿಲರಿಗೆ 65, ಒಬಾಮ ಅವರಿಗೆ 61. ಅದೇ ರಾತ್ರಿ ನಡೆದ ಕಾಕಸ್‌ನಲ್ಲಿ ಒಬಾಮ 38, ಹಿಲರಿ 29. ಒಟ್ಟು ಕೂಡಿಸಿದರೆ ಒಬಾಮ ಅವರಿಗೆ 99, ಹಿಲರಿಗೆ 94. ಮತ ಗೆದ್ದವರು ಒಬ್ಬರು, ಡೆಲಿಗೇಟ್ ಗೆದ್ದವರು ಇನ್ನೊಬ್ಬರು.

ಜನಸಂಖ್ಯೆಯನ್ನು ಮತವೆಂದು ಓದುವ ತಪ್ಪನ್ನೂ ಇಲ್ಲಿಯೇ ತಿದ್ದಿಕೊಳ್ಳಬೇಕು. 2020ರಲ್ಲಿ ಮತದಾನದ ಅರ್ಹತೆಯಿದ್ದ ಹಿಸ್ಪಾನಿಕರು ಸುಮಾರು 3 ಕೋಟಿ 20 ಲಕ್ಷ ಎಂದು ಪ್ಯೂ ಸಂಶೋಧನಾ ಕೇಂದ್ರ ಅಂದಾಜಿಸಿತ್ತು. ಉಳಿದರ್ಧ ಮಕ್ಕಳು ಅಥವಾ ಪೌರತ್ವವಿಲ್ಲದವರು. ಫ್ಲಾರಿಡದಂತಹ ರಾಜ್ಯಗಳಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಪ್ರೈಮರಿಯಲ್ಲಿ ಮತ. ಟೆಕ್ಸಸ್‌ನಲ್ಲಿ ಅಂತಹ ನೋಂದಣಿಯೇ ಇಲ್ಲ.

ಎಲ್ಲ ಕಾಲಂಗಳೂ ಅನುಕೂಲಕ್ಕೆ ಬಂದಾಗ ಹೇಗಿರುತ್ತದೆ ಎಂಬುದಕ್ಕೆ 2008ರ ಫ್ಲಾರಿಡದ ರಿಪಬ್ಲಿಕನ್ ಪ್ರೈಮರಿಯೇ ಸಾಕ್ಷಿ. ಸೆನೆಟರ್ ಮೆಲ್ ಮಾರ್ಟಿನೆಜ್ ಕ್ಯೂಬಾದಲ್ಲಿ ಹುಟ್ಟಿ, ಬಾಲಕನಾಗಿದ್ದಾಗ ಒಬ್ಬಂಟಿಯಾಗಿ ಅಮೆರಿಕಕ್ಕೆ ಬಂದವರು. ಜನವರಿ 29ರ ಮತದಾನಕ್ಕೆ ನಾಲ್ಕು ದಿನ ಮೊದಲು ಅವರು ಜಾನ್ ಮೆಕೇನ್ ಅವರನ್ನು ಬೆಂಬಲಿಸಿದರು. ಮಯಾಮಿಯ ಮೂವರು ಕ್ಯೂಬನ್ ಸಂಸದರು, ಡಿಯಾಜ್ ಬಲಾರ್ಟ್ ಸಹೋದರರು ಮತ್ತು ಇಲಿಯಾನಾ ರಾಸ್ ಲೆಟಿನೆನ್, ಅದೇ ಕಡೆ ನಿಂತರು. ಒಂದೇ ಮೂಲದ ಸಮುದಾಯ, ಒಂದೇ ಜಿಲ್ಲೆಯಲ್ಲಿ ಒತ್ತೊತ್ತಾಗಿ ನೆಲೆಸಿದವರು, ಪಕ್ಷದಲ್ಲಿ ನೋಂದಾಯಿಸಿಕೊಂಡು ತಪ್ಪದೆ ಮತ ಹಾಕುವವರು. ನಾಲ್ಕು ದಿನ ಸಾಕಾದದ್ದು ಇದರಿಂದ. ನೆವಾಡದಲ್ಲಿ ಹತ್ತು ದಿನ ಸಾಲದಾದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೆಕೇನ್ ಶೇ 36, ರಾಮ್ನಿ ಶೇ 31. ಮೇಲಾಗಿ ಅಲ್ಲಿ ಗೆದ್ದವರಿಗೇ ಎಲ್ಲ ಡೆಲಿಗೇಟ್‌ಗಳು.

ಕೊನೆಯ ಕಾಲಂ ತುಂಬುವ ಮುನ್ನ

ಫಲಿತಾಂಶದ ರಾತ್ರಿ ಟಿವಿಯಲ್ಲಿ ಕಾಣುವ ‘ಹಿಸ್ಪಾನಿಕ್ ಮತ ಇಷ್ಟು’ ಎಂಬ ಅಂಕಿಯನ್ನು ಪೆನ್ನಿನಿಂದಲ್ಲ, ಪೆನ್ಸಿಲಿನಿಂದ ಬರೆಯಿರಿ. 2016ರ ಫೆಬ್ರುವರಿ 20ರಂದು ನೆವಾಡ ಕಾಕಸ್‌ನಲ್ಲಿ ಒಳಗೆ ಹೋಗುವವರನ್ನು ಕೇಳಿ ಮಾಡಿದ ಸಮೀಕ್ಷೆಯು ಲ್ಯಾಟಿನೊಗಳಲ್ಲಿ ಸ್ಯಾಂಡರ್ಸ್‌ಗೆ ಶೇ 53, ಹಿಲರಿಗೆ ಶೇ 45 ಎಂದಿತು. ಹಿಲರಿ ಕಡೆಯವರು ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಯ ಲ್ಯಾಟಿನೊ ಬಡಾವಣೆಗಳಲ್ಲಿ ತಾವು ಗೆದ್ದ ಲೆಕ್ಕ ತೋರಿಸಿ, ಅದು ಸಾಧ್ಯವೇ ಇಲ್ಲವೆಂದರು. ರಾಜ್ಯವನ್ನು ಒಟ್ಟಾರೆ ಗೆದ್ದದ್ದು ಹಿಲರಿ. ಲ್ಯಾಟಿನೊ ಮತ ಗೆದ್ದೆವೆಂದು ಇಬ್ಬರೂ ಹೇಳಿಕೊಂಡರು. ಸಮೀಕ್ಷೆಯಲ್ಲಿ ಮಾತಿಗೆ ಸಿಕ್ಕ ಲ್ಯಾಟಿನೊಗಳು ಕೆಲವೇ ನೂರು ಮಂದಿ ಆಗಿರುವಾಗ ಎಂಟು ಅಂಶಗಳ ಅಂತರ ದೊಡ್ಡ ಮಾತಲ್ಲ. ಬಡಾವಣೆಯ ಲೆಕ್ಕಕ್ಕೂ ಅದರದೇ ದೋಷವಿದೆ, ಏಕೆಂದರೆ ಲ್ಯಾಟಿನೊ ಬಡಾವಣೆಯಲ್ಲಿ ಮತ ಹಾಕಿದವರೆಲ್ಲ ಲ್ಯಾಟಿನೊಗಳಲ್ಲ. ಎರಡೂ ಅಂಕಿಗಳನ್ನು ಒಂದರ ಕೆಳಗೊಂದು ಬರೆದು, ಪಟ್ಟಿಯಲ್ಲಿದ್ದ ಮುಖಂಡರ ಸ್ವಂತ ಕ್ಷೇತ್ರದ ಅಧಿಕೃತ ಎಣಿಕೆಯನ್ನು ಮೂರನೆಯದಾಗಿ ಸೇರಿಸಿ. ಆ ಎಣಿಕೆ ಪ್ರಮಾಣೀಕೃತವಾಗಿ ಹೊರಬರಲು ಕೆಲವು ವಾರಗಳು ಬೇಕಾಗಬಹುದು. ಅಷ್ಟರಲ್ಲಿ ಮುಂದಿನ ರಾಜ್ಯದ ಪಟ್ಟಿ ಬಂದಿರುತ್ತದೆ, ಅದಕ್ಕೆ ಹೊಸ ಪುಟ ತೆರೆಯಿರಿ.